ವಿದೇಶಿ ನೆರವು ಮತ್ತು ಬಡ ರಾಷ್ಟ್ರಗಳ ಅಭಿವೃದ್ಧಿ

ಒಂದು ದೇಶದ ಸರ್ಕಾರ ಅಥವಾ ಹಲವು ದೇಶಗಳು ಸೇರಿ ಕಟ್ಟಿದ ಸಂಸ್ಥೆ ಮತ್ತೊಂದು ದೇಶದ ಆರ್ಥಿಕ ಏಳಿಗೆಗಾಗಿ ಮಾರುಕಟ್ಟೆಗಿಂತ ಸುಲಭವಾದ ಷರತ್ತುಗಳ ಮೇಲೆ ಒದಗಿಸುವ ಹಣ, ಆಹಾರಧಾನ್ಯ, ಯಂತ್ರೋಪಕರಣ ಮತ್ತು ತಾಂತ್ರಿಕ ಪರಿಣತಿಯನ್ನು ಒಟ್ಟಾಗಿ ವಿದೇಶಿ ನೆರವು ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ಅನಂತರ ಅಂತಾರಾಷ್ಟ್ರೀಯ ಸಂಬಂಧಗಳ ಕಾಯಂ ಅಂಗವಾಗಿ ಬೆಳೆದ ಈ ವ್ಯವಸ್ಥೆಯ ಹಿಂದೆ, ಬಡ ದೇಶಗಳಿಗೆ ಮುಖ್ಯವಾಗಿ ಬಂಡವಾಳದ ಕೊರತೆಯಿದೆ, ಅದನ್ನು ಕೆಲಕಾಲ ಹೊರಗಿನಿಂದ ತುಂಬಿಕೊಟ್ಟರೆ ಅವು ತಮ್ಮ ಕಾಲ ಮೇಲೆ ತಾವು ನಿಲ್ಲುತ್ತವೆ ಎಂಬ ನಂಬಿಕೆಯಿತ್ತು. ಏಳು ದಶಕಗಳಿಗೂ ಮೀರಿದ ಅನುಭವ ಈ ನಂಬಿಕೆಯನ್ನು ಪೂರ್ತಿಯಾಗಿ ಸಮರ್ಥಿಸಿಲ್ಲ, ಪೂರ್ತಿಯಾಗಿ ತಳ್ಳಿಹಾಕಿಯೂ ಇಲ್ಲ. ನೆರವಿನ ಮೊತ್ತ ಎಷ್ಟೆಂಬುದಕ್ಕಿಂತ, ಅದನ್ನು ಯಾವ ಕೆಲಸಕ್ಕೆ ಬಳಸಬೇಕೆಂದು ಯಾರು ತೀರ್ಮಾನಿಸಿದರು, ಖರ್ಚಿನ ಲೆಕ್ಕವನ್ನು ಯಾರು ಯಾರಿಗೆ ಒಪ್ಪಿಸಬೇಕಾಗಿತ್ತು ಎಂಬುದನ್ನು ಫಲಿತಾಂಶ ಹೆಚ್ಚಾಗಿ ಅವಲಂಬಿಸಿದೆಯೆಂಬುದು ಬೇರೆ ಬೇರೆ ದೇಶಗಳ ಚರಿತ್ರೆಯನ್ನು ಹೋಲಿಸಿದಾಗ ಕಂಡುಬರುತ್ತದೆ.

ವ್ಯಾಖ್ಯೆ ಮತ್ತು ಅಳತೆ

ಶ್ರೀಮಂತ ದೇಶಗಳ ಒಕ್ಕೂಟವಾದ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ ಅಭಿವೃದ್ಧಿ ನೆರವು ಸಮಿತಿಯು 1969ರಲ್ಲಿ 'ಅಧಿಕೃತ ಅಭಿವೃದ್ಧಿ ನೆರವು' ಎಂಬ ಪರಿಕಲ್ಪನೆಯನ್ನು ರೂಪಿಸಿ, 1972ರಲ್ಲಿ ಅದನ್ನು ಬಿಗಿಗೊಳಿಸಿತು. ಇದರ ಪ್ರಕಾರ ನೆರವು ಸರ್ಕಾರಿ ಮೂಲದಿಂದ ಬಂದಿರಬೇಕು, ಅದರ ಮುಖ್ಯ ಉದ್ದೇಶ ಅಭಿವೃದ್ಧಿಯಾಗಿರಬೇಕು, ಸಾಲದ ರೂಪದಲ್ಲಿದ್ದರೆ ಅದರಲ್ಲಿ ಆಗಿನ ನಿಯಮದಂತೆ ಕನಿಷ್ಠ ಶೇ. 25ರಷ್ಟು ಅನುದಾನಾಂಶವಿರಬೇಕಿತ್ತು. ಕಡಿಮೆ ಬಡ್ಡಿ ಮತ್ತು ದೀರ್ಘ ಮರುಪಾವತಿ ಅವಧಿಯಿಂದಾಗಿ ಸಾಲಗಾರ ದೇಶಕ್ಕೆ ಉಳಿತಾಯವಾಗುವ ಭಾಗವೇ ಅನುದಾನಾಂಶ. ಸೇನಾ ನೆರವು, ಖಾಸಗಿ ಕಂಪನಿಗಳ ಹೂಡಿಕೆ ಮತ್ತು ವಲಸಿಗರು ಊರಿಗೆ ಕಳುಹಿಸುವ ಹಣ ಈ ಲೆಕ್ಕದೊಳಗೆ ಬರುವುದಿಲ್ಲ. ಒಂದು ಸರ್ಕಾರ ಇನ್ನೊಂದಕ್ಕೆ ನೇರವಾಗಿ ಕೊಡುವುದನ್ನು ದ್ವಿಪಕ್ಷೀಯ ನೆರವೆಂದೂ ವಿಶ್ವ ಬ್ಯಾಂಕಿನಂತಹ ಸಂಸ್ಥೆಗಳ ಮೂಲಕ ಹರಿಯುವುದನ್ನು ಬಹುಪಕ್ಷೀಯ ನೆರವೆಂದೂ ವಿಂಗಡಿಸುತ್ತಾರೆ.

ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ಶೇ. 0.7ರಷ್ಟನ್ನು ನೆರವಿಗೆ ಮೀಸಲಿಡಬೇಕೆಂಬ ಗುರಿಯನ್ನು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1970ರಲ್ಲಿ ಅಂಗೀಕರಿಸಿತು. ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಲಕ್ಸೆಂಬರ್ಗ್ ಮೊದಲಾದ ಕೆಲವೇ ದೇಶಗಳು ಈ ಗುರಿಯನ್ನು ಮುಟ್ಟಿವೆ. 2023ರಲ್ಲಿ ಸಮಿತಿಯ ಸದಸ್ಯ ದೇಶಗಳ ಒಟ್ಟು ನೆರವು ಸುಮಾರು 22,300 ಕೋಟಿ ಡಾಲರುಗಳಷ್ಟಿದ್ದು, ಅವುಗಳ ಒಟ್ಟು ರಾಷ್ಟ್ರೀಯ ಆದಾಯದಲ್ಲಿ ಅದರ ಪಾಲು ಶೇ. 0.37ರ ಆಸುಪಾಸಿನಲ್ಲಿತ್ತು. ಈ ಮೊತ್ತದಲ್ಲಿ ದಾನಿ ದೇಶಗಳು ತಮ್ಮ ನೆಲದಲ್ಲಿಯೇ ನಿರಾಶ್ರಿತರಿಗಾಗಿ ಮಾಡುವ ಖರ್ಚಿನ ಒಂದು ಭಾಗವೂ ಸೇರಿರುವುದರಿಂದ, ಬಡ ದೇಶಗಳನ್ನು ತಲುಪುವ ಹಣ ಇದಕ್ಕಿಂತ ಕಡಿಮೆ.

ಹುಟ್ಟು ಮತ್ತು ಬೆಳವಣಿಗೆ

1944ರ ಬ್ರೆಟನ್ ವುಡ್ಸ್ ಸಮ್ಮೇಳನದಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವ ಬ್ಯಾಂಕುಗಳು ಮೊದಲಿಗೆ ಯುದ್ಧದಿಂದ ಹಾಳಾದ ಯುರೋಪಿನತ್ತ ಗಮನ ಹರಿಸಿದ್ದವು. 1947ರ ಜೂನ್ ತಿಂಗಳಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮಾರ್ಷಲ್ ಪ್ರಕಟಿಸಿದ ಯೋಜನೆಯಡಿ 1948ರಿಂದ ನಾಲ್ಕು ವರ್ಷಗಳಲ್ಲಿ ಪಶ್ಚಿಮ ಯುರೋಪಿಗೆ ಸುಮಾರು 1,300 ಕೋಟಿ ಡಾಲರುಗಳ ನೆರವು ಹರಿದುಬಂದು, ಅಲ್ಲಿನ ಕಾರ್ಖಾನೆಗಳು ಬಹುಬೇಗ ಚೇತರಿಸಿಕೊಂಡವು. ಈ ಯಶಸ್ಸನ್ನು ಏಷ್ಯ ಮತ್ತು ಆಫ್ರಿಕಗಳಲ್ಲಿಯೂ ಕಾಣಬಹುದೆಂಬ ಆಶಾವಾದ ಆಗ ಹಬ್ಬಿತು. ಆದರೆ ಯುರೋಪಿನಲ್ಲಿ ನುರಿತ ಕೆಲಸಗಾರರು, ನ್ಯಾಯಾಲಯಗಳು, ಬ್ಯಾಂಕುಗಳು, ತೆರಿಗೆ ಆಡಳಿತ ಮೊದಲೇ ಇದ್ದು, ನಷ್ಟವಾಗಿದ್ದುದು ಬಹುಮಟ್ಟಿಗೆ ಕಟ್ಟಡ ಮತ್ತು ಯಂತ್ರಗಳು ಮಾತ್ರವೆಂಬ ವ್ಯತ್ಯಾಸ ಎಲ್ಲರ ಗಮನಕ್ಕೆ ಬರಲು ಕಾಲ ಹಿಡಿಯಿತು.

1949ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಹಿಂದುಳಿದ ಪ್ರದೇಶಗಳಿಗೆ ತಾಂತ್ರಿಕ ನೆರವಿನ ಕಾರ್ಯಕ್ರಮವನ್ನು ಘೋಷಿಸಿದರು. ಅದೇ ವರ್ಷ ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿದ್ದ ವಿ.ಕೆ.ಆರ್.ವಿ. ರಾವ್, ಬಡ ದೇಶಗಳಿಗೆ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ನೀಡಲು ವಿಶ್ವಸಂಸ್ಥೆಯ ಅಂಗವಾಗಿಯೇ ಒಂದು ಸಂಸ್ಥೆ ಇರಬೇಕೆಂದು ಸೂಚಿಸಿದರು. ಮುಂದೆ 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದ ರಾವ್ ಅವರ ಈ ಸಲಹೆಗೆ ಶ್ರೀಮಂತ ದೇಶಗಳು ಸುಲಭವಾಗಿ ಒಪ್ಪಲಿಲ್ಲ. ವರ್ಷಗಳ ಚರ್ಚೆಯ ಬಳಿಕ 1960ರಲ್ಲಿ ಅಂತಾರಾಷ್ಟ್ರೀಯ ಅಭಿವೃದ್ಧಿ ಸಂಘ ಅಸ್ತಿತ್ವಕ್ಕೆ ಬಂದಾಗ, ಅದು ಪ್ರತಿ ದೇಶಕ್ಕೂ ಸಮಾನ ಮತವಿರುವ ವಿಶ್ವಸಂಸ್ಥೆಯ ಕೈಗೆ ಸೇರದೆ, ಬಂಡವಾಳ ಹಾಕಿದವರಿಗೆ ಹೆಚ್ಚು ಮತವಿರುವ ವಿಶ್ವ ಬ್ಯಾಂಕಿನ ಅಂಗವಾಯಿತು. ಶೀತಲ ಸಮರದ ದಿನಗಳಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳೆರಡೂ ಮಿತ್ರರನ್ನು ಸಂಪಾದಿಸಲು ನೆರವನ್ನು ಬಳಸಿಕೊಂಡದ್ದರಿಂದ, ಯಾವ ದೇಶಕ್ಕೆ ಎಷ್ಟು ಎಂಬುದನ್ನು ಅಲ್ಲಿನ ಬಡತನಕ್ಕಿಂತ ಅದರ ರಾಜಕೀಯ ನಿಲುವೇ ಹಲವು ವೇಳೆ ನಿರ್ಧರಿಸಿತು.

ನೆರವಿನ ಹಿಂದಿನ ಅರ್ಥಶಾಸ್ತ್ರ

ನೆರವಿನ ಸಮರ್ಥನೆಗೆ ಮೊದಲ ತಳಹದಿ ಹಾಕಿದವರಲ್ಲಿ ರಾಗ್ನರ್ ನರ್ಕ್ಸೆ ಪ್ರಮುಖರು. ಆದಾಯ ಕಡಿಮೆಯಾದ್ದರಿಂದ ಉಳಿತಾಯ ಕಡಿಮೆ, ಉಳಿತಾಯ ಕಡಿಮೆಯಾದ್ದರಿಂದ ಬಂಡವಾಳ ಹೂಡಿಕೆ ಕಡಿಮೆ, ಹೂಡಿಕೆ ಇಲ್ಲದ್ದರಿಂದ ಉತ್ಪಾದಕತೆ ಏರದೆ ಆದಾಯ ಮತ್ತೆ ಕಡಿಮೆಯಾಗಿಯೇ ಉಳಿಯುತ್ತದೆ ಎಂಬ 'ಬಡತನದ ವಿಷವರ್ತುಲ'ವನ್ನು ಅವರು 1953ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಒಂದೊಂದೇ ಕಾರ್ಖಾನೆ ತೆರೆಯುವುದರಿಂದ ಈ ವರ್ತುಲ ಮುರಿಯದು, ಒಂದರ ಸರಕಿಗೆ ಇನ್ನೊಂದರ ಕೆಲಸಗಾರರೇ ಗಿರಾಕಿಗಳಾಗುವಂತೆ ಹಲವು ಉದ್ಯಮಗಳನ್ನು ಏಕಕಾಲಕ್ಕೆ ಆರಂಭಿಸಬೇಕು ಎಂಬ 'ದೊಡ್ಡ ತಳ್ಳು' ಸಿದ್ಧಾಂತವನ್ನು ರೋಸೆನ್‌ಸ್ಟೈನ್ ರೋಡಾನ್ 1943ರಲ್ಲಿಯೇ ಮಂಡಿಸಿದ್ದರು. ಹಾಲಿಸ್ ಚೆನರಿ ಮತ್ತು ಅಲನ್ ಸ್ಟ್ರೌಟ್ 1966ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟು, ಬಡ ದೇಶಗಳಲ್ಲಿ ಎರಡು ಕಂದರಗಳಿವೆಯೆಂದರು: ಅಗತ್ಯವಾದ ಹೂಡಿಕೆಗೂ ದೇಶದೊಳಗಿನ ಉಳಿತಾಯಕ್ಕೂ ನಡುವಿನದು ಒಂದು, ಅಗತ್ಯವಾದ ಆಮದಿಗೂ ರಫ್ತಿನಿಂದ ಗಳಿಸುವ ವಿದೇಶಿ ವಿನಿಮಯಕ್ಕೂ ನಡುವಿನದು ಇನ್ನೊಂದು. ಹೊರಗಿನ ನೆರವು ಎರಡನ್ನೂ ಒಟ್ಟಿಗೆ ತುಂಬಬಲ್ಲದೆಂಬುದು ಅವರ ವಾದ. ಬಂದ ಹಣ ಹೂಡಿಕೆಗೇ ಹೋಗುತ್ತದೆ ಎಂದು ಈ ಲೆಕ್ಕಾಚಾರ ಭಾವಿಸಿಕೊಂಡಿತ್ತು. ನೆರವು ಬಂದಾಗ ಸರ್ಕಾರವು ತನ್ನ ಹಣವನ್ನು ಬೇರೆ ಖರ್ಚಿಗೆ ತಿರುಗಿಸಿಕೊಳ್ಳಬಹುದೆಂಬ ಸಾಧ್ಯತೆಗೆ ಅದರಲ್ಲಿ ಸ್ಥಾನವಿರಲಿಲ್ಲ.

ಅಭಿವೃದ್ಧಿಗೆ ಅಡ್ಡಿಯಾಗುವ ಕಾರಣಗಳು

ಬಡ ದೇಶಗಳು ಮುಂದುವರಿಯಲು ಹೆಣಗುವುದಕ್ಕೆ ಬಂಡವಾಳದ ಕೊರತೆಯ ಆಚೆಗೂ ಕಾರಣಗಳಿವೆ. ರೌಲ್ ಪ್ರೆಬಿಷ್ ಮತ್ತು ಹ್ಯಾನ್ಸ್ ಸಿಂಗರ್ 1950ರ ಸುಮಾರಿನಲ್ಲಿ ವ್ಯಾಪಾರದ ನಿಬಂಧನೆಗಳತ್ತ ಬೆರಳು ತೋರಿಸಿದರು. ರಫ್ತಿನ ಸರಕಿನ ಬೆಲೆಗೂ ಆಮದಿನ ಸರಕಿನ ಬೆಲೆಗೂ ಇರುವ ಅನುಪಾತವನ್ನು ವ್ಯಾಪಾರದ ನಿಬಂಧನೆ ಎನ್ನುತ್ತಾರೆ. ಕೋಕೋ, ಕಾಫಿ, ತಾಮ್ರದಂತಹ ಕಚ್ಚಾ ಸರಕುಗಳನ್ನು ಮಾರಿ ಯಂತ್ರಗಳನ್ನು ಕೊಳ್ಳುವ ದೇಶಕ್ಕೆ ಈ ಅನುಪಾತ ದೀರ್ಘಕಾಲದಲ್ಲಿ ಪ್ರತಿಕೂಲವಾಗುತ್ತ ಹೋಗುತ್ತದೆ, ಜೊತೆಗೆ ಬೆಲೆಯ ಏರಿಳಿತದಿಂದ ಸರ್ಕಾರದ ಆಯವ್ಯಯವೇ ಅಲುಗಾಡುತ್ತದೆ. ತೈಲ ಅಥವಾ ಖನಿಜದ ಹಣ ಒಮ್ಮೆಲೇ ಹರಿದುಬಂದಾಗ ದೇಶದ ನಾಣ್ಯದ ಮೌಲ್ಯ ಏರಿ, ಉಳಿದ ರಫ್ತುಗಳು ದುಬಾರಿಯಾಗಿ ಕೃಷಿ ಮತ್ತು ಕೈಗಾರಿಕೆಗಳು ಸೊರಗುವುದನ್ನು 'ಡಚ್ ಕಾಯಿಲೆ' ಎನ್ನುತ್ತಾರೆ. ನೆದರ್‌ಲೆಂಡ್ಸ್ ದೇಶದಲ್ಲಿ ನೈಸರ್ಗಿಕ ಅನಿಲ ಸಿಕ್ಕ ಬಳಿಕ ಕಂಡ ಈ ಪರಿಣಾಮವನ್ನು ಭಾರಿ ಪ್ರಮಾಣದ ವಿದೇಶಿ ನೆರವೂ ಉಂಟುಮಾಡಬಲ್ಲದು.

ಸಂಸ್ಥೆಗಳ ಸ್ವರೂಪವನ್ನು ಮುಖ್ಯವೆಂದು ಎಣಿಸುವವರು ಇನ್ನೊಂದು ಪಂಗಡ. ಗುನ್ನಾರ್ ಮಿರ್ಡಾಲ್ 1968ರ ತಮ್ಮ 'ಏಷ್ಯನ್ ಡ್ರಾಮಾ' ಗ್ರಂಥದಲ್ಲಿ, ಕಾಯಿದೆ ಮಾಡಿಯೂ ಅದನ್ನು ಜಾರಿಗೆ ತರಲಾರದ ಆಡಳಿತವನ್ನು 'ಮೃದು ಪ್ರಭುತ್ವ' ಎಂದು ಕರೆದರು. ವಸಾಹತುಗಾರರು ಗಣಿ ಮತ್ತು ತೋಟಗಳ ಸಂಪತ್ತನ್ನು ಹೊರಗೆ ಸಾಗಿಸಲೆಂದೇ ಕಟ್ಟಿದ ಆಡಳಿತಗಳು ಸ್ವಾತಂತ್ರ್ಯಾನಂತರವೂ ಹಾಗೆಯೇ ಮುಂದುವರಿದು, ಆಸ್ತಿಯ ಹಕ್ಕಿಗೆ ಭದ್ರತೆಯಿಲ್ಲದಂತೆ ಮಾಡಿದವೆಂದು ಡ್ಯಾರನ್ ಅಸೆಮೊಗ್ಲು, ಸೈಮನ್ ಜಾನ್ಸನ್ ಮತ್ತು ಜೇಮ್ಸ್ ರಾಬಿನ್ಸನ್ 2001ರಲ್ಲಿ ವಾದಿಸಿದರು. 2024ರ ನೊಬೆಲ್ ಪುರಸ್ಕಾರ ಈ ಮೂವರಿಗೆ ಸಂದಿತು. ಅಂತರ್ಯುದ್ಧ, ಖನಿಜ ಸಂಪತ್ತಿನ ಕಚ್ಚಾಟ, ಸಮುದ್ರ ತೀರವಿಲ್ಲದೆ ಕೆಟ್ಟ ನೆರೆಹೊರೆಯ ನಡುವೆ ಸಿಕ್ಕಿಕೊಂಡಿರುವುದು, ಸಣ್ಣ ದೇಶದಲ್ಲಿನ ದುರಾಡಳಿತ ಎಂಬ ನಾಲ್ಕು ಬೋನುಗಳನ್ನು ಪಾಲ್ ಕೋಲಿಯರ್ 2007ರಲ್ಲಿ ಗುರುತಿಸಿದರು.

ಘಾನಾ: ವೋಲ್ಟಾ ಯೋಜನೆಯ ಅನುಭವ

ಈ ಕಾರಣಗಳು ಒಂದರೊಳಗೊಂದು ಹೆಣೆದುಕೊಳ್ಳುವ ಬಗೆಯನ್ನು ಪಶ್ಚಿಮ ಆಫ್ರಿಕದ ಘಾನಾ ಸ್ಪಷ್ಟವಾಗಿ ತೋರಿಸುತ್ತದೆ. 1957ರ ಮಾರ್ಚ್ 6ರಂದು ಸ್ವತಂತ್ರವಾದ ಈ ದೇಶ ಆಗ ಜಗತ್ತಿನ ಅತಿ ದೊಡ್ಡ ಕೋಕೋ ಉತ್ಪಾದಕನಾಗಿತ್ತು. ಅದರ ನಾಯಕ ಕ್ವಾಮೆ ಎನ್‌ಕ್ರುಮಾ ಅವರಿಗೆ ಸಲಹೆಗಾರರಾಗಿದ್ದ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್, ಆಹಾರ ಬೆಳೆಗಳ ಇಳುವರಿಯನ್ನು ಮೊದಲು ಹೆಚ್ಚಿಸಬೇಕು, ಕೈಗಾರಿಕೆ ಅದರ ಬೆನ್ನಿಗೆ ಬರಬೇಕು ಎಂದು 1953ರ ವರದಿಯಲ್ಲಿಯೇ ಹೇಳಿದ್ದರು. ಆದರೆ ಹೊಸ ರಾಷ್ಟ್ರದ ಕನಸು ವೋಲ್ಟಾ ನದಿಗೆ ಅಕೊಸೊಂಬೊ ಎಂಬಲ್ಲಿ ಅಣೆಕಟ್ಟು ಕಟ್ಟಿ, ಆ ವಿದ್ಯುತ್ತಿನಿಂದ ದೇಶದ ಬಾಕ್ಸೈಟ್ ಅದಿರನ್ನು ಅಲ್ಯೂಮಿನಿಯಂ ಆಗಿಸುವುದಾಗಿತ್ತು.

1961ರಲ್ಲಿ ಆರಂಭವಾದ ಅಣೆಕಟ್ಟಿನ ವೆಚ್ಚದ ಸುಮಾರು ಅರ್ಧವನ್ನು ಘಾನಾ ಸರ್ಕಾರವೇ ಭರಿಸಿತು; ಉಳಿದದ್ದು ವಿಶ್ವ ಬ್ಯಾಂಕು, ಅಮೆರಿಕ ಮತ್ತು ಬ್ರಿಟನ್ನುಗಳ ಸಾಲವಾಗಿ ಬಂತು. ಸಾಲ ಕೊಡುವವರು ವಿದ್ಯುತ್ತಿಗೆ ಖಾತರಿ ಗಿರಾಕಿ ಬೇಕೆಂದು ಪಟ್ಟುಹಿಡಿದದ್ದರಿಂದ, ಅಮೆರಿಕದ ಕೈಸರ್ ಕಂಪನಿಯ ನೇತೃತ್ವದಲ್ಲಿ ಟೆಮಾ ಬಂದರಿನಲ್ಲಿ ಸ್ಥಾಪನೆಯಾದ ಅಲ್ಯೂಮಿನಿಯಂ ಕಾರ್ಖಾನೆಯೊಂದಿಗೆ ಅತಿ ಕಡಿಮೆ ದರದ ದೀರ್ಘಾವಧಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಕಾರ್ಖಾನೆ ಘಾನಾದ ಬಾಕ್ಸೈಟನ್ನು ಬಳಸದೆ, ಹೊರದೇಶದಲ್ಲಿ ಸಂಸ್ಕರಿಸಿದ ಅಲ್ಯೂಮಿನಾವನ್ನು ಹಡಗಿನಲ್ಲಿ ತರಿಸಿಕೊಂಡು ಕರಗಿಸಿ, ಲೋಹವನ್ನು ಹೊರಗೆ ಕಳುಹಿಸುತ್ತಿತ್ತು. ಹೀಗಾಗಿ ಗಣಿ, ಸಂಸ್ಕರಣೆ, ಕಾರ್ಖಾನೆ ಒಂದಕ್ಕೊಂದು ಕೂಡಿಕೊಂಡು ಬೆಳೆಯಬೇಕಿದ್ದ ಸರಪಳಿ ರೂಪುಗೊಳ್ಳಲೇ ಇಲ್ಲ. ಸುಮಾರು 8,500 ಚದರ ಕಿಲೋಮೀಟರು ಹರಡಿದ ಜಲಾಶಯದಲ್ಲಿ ನೂರಾರು ಹಳ್ಳಿಗಳು ಮುಳುಗಿ, ಸುಮಾರು 80,000 ಜನ ನೆಲೆ ಕಳೆದುಕೊಂಡರು. ನಿಂತ ನೀರಿನಲ್ಲಿ ಬಸವನಹುಳುಗಳ ಮೂಲಕ ಹರಡುವ ಸಿಸ್ಟೊಸೋಮಿಯಾಸಿಸ್ ರೋಗ ದಡದ ಊರುಗಳಲ್ಲಿ ಹೆಚ್ಚಿತು. 1966ರ ಜನವರಿಯಲ್ಲಿ ಅಣೆಕಟ್ಟನ್ನು ಉದ್ಘಾಟಿಸಿದ ಎನ್‌ಕ್ರುಮಾ ಮರು ತಿಂಗಳೇ ಸೇನಾ ದಂಗೆಯಲ್ಲಿ ಅಧಿಕಾರ ಕಳೆದುಕೊಂಡರು.

ಇದೇ ಅವಧಿಯಲ್ಲಿ ಸರ್ಕಾರದ ಕೋಕೋ ಮಾರಾಟ ಮಂಡಳಿಯು ರೈತರಿಗೆ ಜಾಗತಿಕ ಬೆಲೆಗಿಂತ ಬಹಳ ಕಡಿಮೆ ದರ ಕೊಟ್ಟು ಉಳಿದದ್ದನ್ನು ಬೊಕ್ಕಸಕ್ಕೆ ಸೇರಿಸಿಕೊಳ್ಳುತ್ತಿತ್ತು. ನಾಣ್ಯದ ಮೌಲ್ಯವನ್ನೂ ಕೃತಕವಾಗಿ ಮೇಲಿಟ್ಟದ್ದರಿಂದ ರೈತರಿಗೆ ಏನೂ ಗಿಟ್ಟದೆ, ಕೆಲವರು ಫಸಲನ್ನು ಗಡಿಯಾಚೆ ಕಳ್ಳಸಾಗಣೆ ಮಾಡಿದರು, ಹಲವರು ಹಳೆಯ ಮರಗಳ ಜಾಗದಲ್ಲಿ ಹೊಸ ಸಸಿ ನೆಡುವುದನ್ನೇ ಬಿಟ್ಟರು. 1960ರ ದಶಕದ ನಡುವಿನಲ್ಲಿ ಐದು ಲಕ್ಷ ಟನ್ನು ಮೀರಿದ್ದ ಉತ್ಪಾದನೆ 1983ರ ಬರಗಾಲದ ಹೊತ್ತಿಗೆ ಎರಡು ಲಕ್ಷ ಟನ್ನಿಗಿಂತ ಕೆಳಗಿಳಿಯಿತು. ನೆರವು ಬಂದ ಕ್ಷೇತ್ರದಲ್ಲಿ ವಿದ್ಯುತ್ತು ಉತ್ಪಾದನೆಯಾಯಿತು, ಸಾಲವೂ ತೀರಿತು. ಆದರೆ ದೇಶದ ಬಹುಪಾಲು ಜನರ ಜೀವನಾಧಾರವಾದ ಕೃಷಿ ಆ ಯೋಜನೆಯ ಹೊರಗೇ ಉಳಿಯಿತು.

ಭಾರತ: ಗೋಧಿ ಮತ್ತು ಸ್ವಾವಲಂಬನೆ

ಅಮೆರಿಕದ 1954ರ ಕೃಷಿ ವ್ಯಾಪಾರ ಕಾಯಿದೆ, ಅಂದರೆ ಪಿ.ಎಲ್. 480, ಅಲ್ಲಿನ ಹೆಚ್ಚುವರಿ ಧಾನ್ಯವನ್ನು ಖರೀದಿಸುವ ದೇಶದ ನಾಣ್ಯಕ್ಕೇ ಮಾರಲು ಅವಕಾಶ ನೀಡಿತು. 1956ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ಭಾರತಕ್ಕೆ ಡಾಲರು ವ್ಯಯಿಸದೆ ಗೋಧಿ ದೊರೆತು, ನಗರಗಳ ಪಡಿತರ ಅಂಗಡಿಗಳು ನಡೆದವು. ಕರ್ನಾಟಕದ ಶಾಲೆಗಳಲ್ಲಿ ಒಂದು ತಲೆಮಾರು ಉಂಡ ಉಪ್ಪಿಟ್ಟು ಮತ್ತು ಹಾಲಿನ ಪುಡಿ ಇದೇ ಕಾಯಿದೆಯಡಿ ಕೇರ್ ಸಂಸ್ಥೆಯ ಮೂಲಕ ಬಂದವು. ಅಗ್ಗದ ಆಮದು ಧಾನ್ಯ ದೇಶದ ರೈತರ ಬೆಲೆಯನ್ನು ತಗ್ಗಿಸಿ, ಕೃಷಿಯ ಮೇಲಿನ ಹೂಡಿಕೆಯನ್ನು ಮುಂದೂಡಲು ಸರ್ಕಾರಕ್ಕೆ ನೆಪವಾಯಿತೆಂಬ ಟೀಕೆಯೂ ಆಗಲೇ ಕೇಳಿಬಂತು.

1965 ಮತ್ತು 1966ರ ಸತತ ಬರದಲ್ಲಿ ಈ ಅವಲಂಬನೆಯ ಬೆಲೆ ತಿಳಿಯಿತು. 1966ರಲ್ಲಿ ಒಂದು ಕೋಟಿ ಟನ್ನಿಗೂ ಹೆಚ್ಚು ಧಾನ್ಯವನ್ನು ಭಾರತ ಆಮದು ಮಾಡಿಕೊಂಡಾಗ, ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಕೃಷಿ ನೀತಿಯ ಬದಲಾವಣೆ ಮತ್ತು ವಿಯೆಟ್ನಾಂ ಕುರಿತ ಭಾರತದ ನಿಲುವನ್ನು ಗಮನದಲ್ಲಿಟ್ಟುಕೊಂಡು, ಹಡಗುಗಳನ್ನು ಸ್ವಲ್ಪಸ್ವಲ್ಪವಾಗಿಯೇ ಬಿಡುಗಡೆ ಮಾಡಿಸಿದರು. ಅದೇ ವರ್ಷ ಜೂನ್ 6ರಂದು, ನೆರವು ನೀಡುವವರ ಒತ್ತಡದ ನಡುವೆ, ರೂಪಾಯಿಯನ್ನು ಡಾಲರಿಗೆ 4.76ರಿಂದ 7.50ಕ್ಕೆ ಅಪಮೌಲ್ಯಗೊಳಿಸಲಾಯಿತು, ಅದಕ್ಕೆ ಪ್ರತಿಯಾಗಿ ನಿರೀಕ್ಷಿಸಿದ್ದ ಪ್ರಮಾಣದ ನೆರವು ಮಾತ್ರ ಬರಲಿಲ್ಲ. ಆಹಾರ ಸಚಿವ ಸಿ. ಸುಬ್ರಹ್ಮಣ್ಯಂ, ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಮೊದಲಾದವರ ಪ್ರಯತ್ನದಿಂದ 1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ಬಂತು. ಈ ತಳಿಗಳನ್ನು ರೂಪಿಸಿದ ನಾರ್ಮನ್ ಬೋರ್ಲಾಗ್ ಅವರ ಸಂಶೋಧನೆಗೆ ಆಧಾರವಾಗಿದ್ದುದೂ ಅಮೆರಿಕದ ದತ್ತಿ ನಿಧಿಗಳ ನೆರವೇ. 1964-65ರಲ್ಲಿ ಸುಮಾರು 1.2 ಕೋಟಿ ಟನ್ನಿದ್ದ ಗೋಧಿಯ ಉತ್ಪಾದನೆ 1971-72ಕ್ಕೆ ಎರಡು ಪಟ್ಟು ಮೀರಿತು. ಧಾನ್ಯದ ರೂಪದ ನೆರವು ಹಸಿವನ್ನು ತಾತ್ಕಾಲಿಕವಾಗಿ ನೀಗಿದರೆ, ಜ್ಞಾನ ಮತ್ತು ಬೀಜದ ರೂಪದ ನೆರವು ದೇಶದ ಸಂಶೋಧನಾ ಸಂಸ್ಥೆಗಳು, ನೀರಾವರಿ ಮತ್ತು ಬೆಂಬಲ ಬೆಲೆಯ ಜೊತೆ ಸೇರಿ ಆಮದಿನ ಅಗತ್ಯವನ್ನೇ ತಗ್ಗಿಸಿತು. ಧಾನ್ಯದ ಬೆಲೆಯಾಗಿ ಭಾರತದಲ್ಲಿ ಕೂಡಿಬಿದ್ದಿದ್ದ ರೂಪಾಯಿ ನಿಧಿಯಲ್ಲಿ 1,664 ಕೋಟಿಯನ್ನು ಅಮೆರಿಕ 1974ರಲ್ಲಿ ಒಂದೇ ಚೆಕ್ಕಿನ ಮೂಲಕ ಭಾರತಕ್ಕೆ ಬಿಟ್ಟುಕೊಟ್ಟಿತು.

ನೆರವಿನ ಷರತ್ತು ಜನರ ಪರವಾಗಿಯೂ ಕೆಲಸ ಮಾಡಬಹುದೆಂಬುದಕ್ಕೆ ಕೃಷ್ಣಾ ಮೇಲ್ದಂಡೆ ಯೋಜನೆ ನಿದರ್ಶನ. 1978 ಮತ್ತು 1989ರಲ್ಲಿ ಇದಕ್ಕೆ ಸಾಲ ನೀಡಿದ ವಿಶ್ವ ಬ್ಯಾಂಕು, ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳ ಮುಳುಗಡೆ ಸಂತ್ರಸ್ತರ ಪುನರ್ವಸತಿ ತೃಪ್ತಿಕರವಾಗಿಲ್ಲವೆಂದು 1990ರ ದಶಕದಲ್ಲಿ ಹಣ ಬಿಡುಗಡೆಯನ್ನು ತಡೆಹಿಡಿದದ್ದರಿಂದ, ಪುನರ್ವಸತಿಯ ಪ್ರಶ್ನೆ ಸರ್ಕಾರದ ಆದ್ಯತೆಯ ಪಟ್ಟಿಯಲ್ಲಿ ಮೇಲಕ್ಕೆ ಬಂತು.

ದಕ್ಷಿಣ ಕೊರಿಯ ಮತ್ತು ಬೋಟ್ಸ್ವಾನ

1953ರಲ್ಲಿ ಕೊರಿಯ ಯುದ್ಧ ಮುಗಿದಾಗ ದಕ್ಷಿಣ ಕೊರಿಯದ ಆಮದಿನ ಬಹುಭಾಗಕ್ಕೆ ಅಮೆರಿಕದ ನೆರವೇ ಆಧಾರವಾಗಿತ್ತು. ಆದರೆ ಜಮೀನು ಗೇಣಿದಾರರಿಗೆ ಹಂಚಿಕೆಯಾಗಿದ್ದುದು, ಶಾಲಾ ಶಿಕ್ಷಣ ಬಹುಬೇಗ ವಿಸ್ತರಿಸಿದ್ದು ಮತ್ತು 1960ರ ದಶಕದಿಂದ ರಫ್ತಿನ ಗುರಿ ಮುಟ್ಟಿದ ಕಂಪನಿಗಳಿಗೆ ಮಾತ್ರ ಅಗ್ಗದ ಸಾಲ ನೀಡುವ ಶಿಸ್ತು ಅಲ್ಲಿ ಬೇರೂರಿದ್ದು ನೆರವಿನ ಫಲವನ್ನು ಹಲವು ಪಟ್ಟು ಹೆಚ್ಚಿಸಿದವು. ಪೊಹಾಂಗ್ ಉಕ್ಕಿನ ಕಾರ್ಖಾನೆ ಲಾಭದಾಯಕವಾಗದೆಂದು 1960ರ ದಶಕದ ಕೊನೆಯಲ್ಲಿ ವಿಶ್ವ ಬ್ಯಾಂಕು ಅಭಿಪ್ರಾಯಪಟ್ಟಾಗ, ಜಪಾನಿನೊಂದಿಗೆ 1965ರಲ್ಲಿ ಆದ ಒಪ್ಪಂದದಿಂದ ಬಂದ ಹಣದ ಒಂದು ಭಾಗವನ್ನು ಕೊರಿಯ ಅದಕ್ಕೆ ತೊಡಗಿಸಿತು. 1973ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆ ಜಗತ್ತಿನ ಪ್ರಮುಖ ಉಕ್ಕು ಉತ್ಪಾದಕರ ಸಾಲಿಗೆ ಸೇರಿತು. 2010ರಲ್ಲಿ ಕೊರಿಯ ಅಭಿವೃದ್ಧಿ ನೆರವು ಸಮಿತಿಯ ಸದಸ್ಯತ್ವ ಪಡೆದು ಸ್ವತಃ ದಾನಿ ದೇಶವಾಯಿತು.

1966ರಲ್ಲಿ ಸ್ವತಂತ್ರವಾದಾಗ ಬೋಟ್ಸ್ವಾನದ ದೈನಂದಿನ ಆಡಳಿತದ ಖರ್ಚಿಗೂ ಬ್ರಿಟನ್ನಿನ ಅನುದಾನ ಬೇಕಾಗಿತ್ತು. ಮರುವರ್ಷ ಒರಾಪಾದಲ್ಲಿ ವಜ್ರದ ನಿಕ್ಷೇಪ ದೊರೆತ ಮೇಲೆ ಸರ್ಕಾರವು ಗಣಿ ಕಂಪನಿಯೊಂದಿಗೆ ಹಂತಹಂತವಾಗಿ ಮಾತುಕತೆ ನಡೆಸಿ ಅರ್ಧ ಪಾಲು ಗಳಿಸಿತು. ವಿದೇಶಿ ನೆರವಿನ ಪ್ರತಿಯೊಂದು ಯೋಜನೆಯೂ ರಾಷ್ಟ್ರೀಯ ಅಭಿವೃದ್ಧಿ ಯೋಜನೆಯಲ್ಲಿ ಸೇರಿರಬೇಕೆಂಬ ನಿಯಮವನ್ನು ಹಣಕಾಸು ಸಚಿವಾಲಯ ಬಿಗಿಯಾಗಿ ಪಾಲಿಸಿದ್ದರಿಂದ, ದಾನಿಗಳು ತಮಗೆ ತೋಚಿದ್ದನ್ನು ಕಟ್ಟಿಹೋಗುವುದಕ್ಕೆ ಅಲ್ಲಿ ಎಡೆಯಿರಲಿಲ್ಲ. 1994ರಲ್ಲಿ ಆ ದೇಶ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂದಿತು.

ಟೀಕೆ ಮತ್ತು ವಾದವಿವಾದ

ತೆರಿಗೆ ಕೊಡುವ ಪ್ರಜೆಗೆ ಉತ್ತರ ಹೇಳಬೇಕಾದ ಸರ್ಕಾರವು ನೆರವಿನ ಬಲದಿಂದ ದಾನಿಗೆ ಮಾತ್ರ ಉತ್ತರ ಹೇಳುವಂತಾಗುತ್ತದೆ ಎಂಬುದು ಟೀಕೆಗಳಲ್ಲಿ ಮುಖ್ಯವಾದದ್ದು. ಪೀಟರ್ ಬಾವರ್ 1970ರ ದಶಕದಿಂದಲೂ, ಡಂಬಿಸಾ ಮೊಯೊ 2009ರಲ್ಲಿಯೂ, ಆಂಗಸ್ ಡೀಟನ್ 2013ರಲ್ಲಿಯೂ ಬೇರೆ ಬೇರೆ ನೆಲೆಗಳಿಂದ ಈ ಮಾತನ್ನು ಹೇಳಿದ್ದಾರೆ. ಜೈರ್ ದೇಶದ ಸೆಂಟ್ರಲ್ ಬ್ಯಾಂಕಿಗೆ ಹಣಕಾಸು ನಿಧಿಯೇ ಕಳುಹಿಸಿದ್ದ ಎರ್ವಿನ್ ಬ್ಲೂಮೆಂಥಾಲ್, ಸರ್ವಾಧಿಕಾರಿ ಮೊಬುಟು ಅವರ ಬಳಗದ ಲೂಟಿಯಿಂದಾಗಿ ಸಾಲ ಮರಳಿ ಬರುವ ಸಂಭವವಿಲ್ಲವೆಂದು 1982ರಲ್ಲಿ ವರದಿ ಮಾಡಿದರೂ, ಶೀತಲ ಸಮರದ ಮಿತ್ರನಿಗೆ ಸಾಲ ನಿಲ್ಲಲಿಲ್ಲ. ದಾನಿಯ ದೇಶದ ಸರಕನ್ನೇ ಕೊಳ್ಳಬೇಕೆಂಬ 'ಕಟ್ಟುಪಾಡಿನ ನೆರವು' ಇನ್ನೊಂದು ದೋಷ. ಮಲೇಷ್ಯದ ಪೆರ್ಗಾವ್ ಅಣೆಕಟ್ಟಿಗೆ ಬ್ರಿಟನ್ ನೀಡಿದ 23.4 ಕೋಟಿ ಪೌಂಡುಗಳ ನೆರವು ಶಸ್ತ್ರಾಸ್ತ್ರ ಮಾರಾಟದೊಂದಿಗೆ ತಳುಕು ಹಾಕಿಕೊಂಡಿದ್ದುದು ಬೆಳಕಿಗೆ ಬಂದು, 1994ರಲ್ಲಿ ಬ್ರಿಟನ್ನಿನ ಹೈಕೋರ್ಟು ಆ ನೆರವನ್ನು ಕಾನೂನುಬಾಹಿರವೆಂದಿತು.

ಸಾಲದ ಹೊರೆ ಮೂರನೆಯದು. 1982ರಲ್ಲಿ ಮೆಕ್ಸಿಕೊ ಸಾಲ ತೀರಿಸಲಾರೆನೆಂದ ಮೇಲೆ ಹಬ್ಬಿದ ಬಿಕ್ಕಟ್ಟಿನಲ್ಲಿ, ಸಬ್ಸಿಡಿ ಕಡಿತ, ಅಪಮೌಲ್ಯ, ಆಮದು ಮುಕ್ತಗೊಳಿಸುವಿಕೆ, ಸರ್ಕಾರಿ ಉದ್ಯಮಗಳ ಮಾರಾಟಗಳನ್ನು ಒಳಗೊಂಡ 'ರಚನಾತ್ಮಕ ಹೊಂದಾಣಿಕೆ' ಹೊಸ ಸಾಲಗಳ ಷರತ್ತಾಯಿತು. ಘಾನಾದಲ್ಲಿ 1983ರಿಂದ ಜಾರಿಗೆ ಬಂದ ಇಂತಹ ಕಾರ್ಯಕ್ರಮ ಕೋಕೋ ರೈತರ ಬೆಲೆಯನ್ನು ಏರಿಸಿ ಉತ್ಪಾದನೆಗೆ ಚೇತರಿಕೆ ತಂದರೂ, ಆಸ್ಪತ್ರೆ ಮತ್ತು ಶಾಲೆಗಳ ಶುಲ್ಕ ಬಡವರ ಮೇಲೆ ಬಿತ್ತು. 1996ರಲ್ಲಿ ಆರಂಭವಾದ ಸಾಲಮನ್ನಾ ಕಾರ್ಯಕ್ರಮದ ಪ್ರಯೋಜನ ಮೂವತ್ತಕ್ಕೂ ಹೆಚ್ಚು ದೇಶಗಳಿಗೆ ದೊರೆಯಿತು. 2004ರಲ್ಲಿ ಹೀಗೆ ಹಗುರಾದ ಘಾನಾ, ವಿದೇಶಿ ಮಾರುಕಟ್ಟೆಗಳಲ್ಲಿ ಬಾಂಡುಗಳ ಮೂಲಕ ಮತ್ತೆ ಸಾಲ ಎತ್ತಿ, 2022ರ ಡಿಸೆಂಬರಿನಲ್ಲಿ ಮರುಪಾವತಿ ನಿಲ್ಲಿಸಿತು.

ನೆರವಿನಿಂದ ಬೆಳವಣಿಗೆ ದರ ಏರುತ್ತದೆಯೇ ಎಂಬ ಪ್ರಶ್ನೆಗೆ ಅಂಕಿಅಂಶಗಳ ಉತ್ತರ ಖಚಿತವಾಗಿಲ್ಲ. ಒಳ್ಳೆಯ ನೀತಿಯಿರುವ ದೇಶಗಳಲ್ಲಿ ಏರುತ್ತದೆಂದು ಬರ್ನ್‌ಸೈಡ್ ಮತ್ತು ಡಾಲರ್ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದ ತೀರ್ಮಾನ, ಹೆಚ್ಚು ವರ್ಷಗಳ ಅಂಕಿಗಳನ್ನು ಸೇರಿಸಿದಾಗ ನಿಲ್ಲುವುದಿಲ್ಲವೆಂದು ವಿಲಿಯಂ ಈಸ್ಟರ್ಲಿ ಮತ್ತು ಸಂಗಡಿಗರು ತೋರಿಸಿದರು. ಸಾಕಷ್ಟು ದೊಡ್ಡ ಮೊತ್ತವನ್ನು ಒಮ್ಮೆಲೇ ತೊಡಗಿಸದಿರುವುದೇ ವೈಫಲ್ಯಕ್ಕೆ ಕಾರಣವೆಂದು ಜೆಫ್ರಿ ಸ್ಯಾಕ್ಸ್ ವಾದಿಸಿದರು. ಈ ದೊಡ್ಡ ವಾದಗಳನ್ನು ಬದಿಗಿಟ್ಟು, ಯಾವ ನಿರ್ದಿಷ್ಟ ಕ್ರಮ ಫಲ ಕೊಡುತ್ತದೆಂದು ಯಾದೃಚ್ಛಿಕ ಪ್ರಯೋಗಗಳ ಮೂಲಕ ಅಳೆಯುವ ಮಾರ್ಗವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಮೈಕೆಲ್ ಕ್ರೆಮರ್ ರೂಢಿಗೆ ತಂದು 2019ರ ನೊಬೆಲ್ ಪಡೆದರು.

ಆರೋಗ್ಯ ಕ್ಷೇತ್ರ

ಗುರಿ ನಿಖರವಾಗಿದ್ದು ಫಲವನ್ನು ಎಣಿಸಬಹುದಾದ ಆರೋಗ್ಯ ಕ್ಷೇತ್ರದಲ್ಲಿ ನೆರವಿನ ದಾಖಲೆ ಹೆಚ್ಚು ಸ್ಪಷ್ಟವಾಗಿದೆ. ಹೊರಗಿನ ನೆರವೂ ಕೂಡಿಬಂದ ಅಭಿಯಾನದಿಂದ ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ಘೋಷಣೆಯಾಯಿತು. ಪಶ್ಚಿಮ ಆಫ್ರಿಕದಲ್ಲಿ ಕಪ್ಪುನೊಣದ ಕಡಿತದಿಂದ ಹರಡುವ ನದಿಗುರುಡು ರೋಗದ ವಿರುದ್ಧ 1974ರಲ್ಲಿ ವೋಲ್ಟಾ ಜಲಾನಯನದಲ್ಲಿ ಆರಂಭವಾದ ಕಾರ್ಯಕ್ರಮವು, ಹೆಲಿಕಾಪ್ಟರುಗಳಿಂದ ನದಿಗಳಿಗೆ ಔಷಧ ಸಿಂಪಡಿಸಿ, 1987ರ ಬಳಿಕ ಮರ್ಕ್ ಕಂಪನಿ ಉಚಿತವಾಗಿ ನೀಡಿದ ಐವರ್‌ಮೆಕ್ಟಿನ್ ಗುಳಿಗೆಗಳನ್ನು ಹಂಚಿ, 2002ರ ಹೊತ್ತಿಗೆ ರೋಗವನ್ನು ಬಹುಮಟ್ಟಿಗೆ ಹತೋಟಿಗೆ ತಂದಿತು. ಜನ ಹೆದರಿ ತೊರೆದಿದ್ದ ನದೀತೀರದ ಫಲವತ್ತಾದ ನೆಲ ಮತ್ತೆ ಸಾಗುವಳಿಗೆ ಬಂದುದರಿಂದ ಇದು ಆರ್ಥಿಕ ಲಾಭವೂ ಆಯಿತು.

ಇತ್ತೀಚಿನ ಬದಲಾವಣೆಗಳು

ಇಪ್ಪತ್ತೊಂದನೆಯ ಶತಮಾನದಲ್ಲಿ ದಾನಿ ಮತ್ತು ಸ್ವೀಕರಿಸುವವರ ಹಳೆಯ ವಿಂಗಡಣೆ ಸಡಿಲಗೊಂಡಿದೆ. 1964ರಲ್ಲಿಯೇ ಇತರ ದೇಶಗಳ ಅಧಿಕಾರಿಗಳಿಗೆ ತರಬೇತಿ ನೀಡುವ ಕಾರ್ಯಕ್ರಮ ಆರಂಭಿಸಿದ್ದ ಭಾರತ, 2003ರಲ್ಲಿ ಸಣ್ಣ ದಾನಿ ದೇಶಗಳ ದ್ವಿಪಕ್ಷೀಯ ನೆರವನ್ನು ನಿಲ್ಲಿಸಿಕೊಂಡು, 2014ರಲ್ಲಿ ಅಂತಾರಾಷ್ಟ್ರೀಯ ಅಭಿವೃದ್ಧಿ ಸಂಘದ ರಿಯಾಯಿತಿ ಸಾಲದ ಅರ್ಹತೆಯ ಮಿತಿಯನ್ನು ದಾಟಿತು. 2013ರಲ್ಲಿ ಘೋಷಣೆಯಾದ ಬೆಲ್ಟ್ ಮತ್ತು ರೋಡ್ ಯೋಜನೆಯ ಮೂಲಕ ಚೀನ ಬಂದರು, ರೈಲುಮಾರ್ಗಗಳಿಗೆ ಭಾರಿ ಸಾಲ ನೀಡಿದೆ. ಅದರ ಬಹುಭಾಗ ವಾಣಿಜ್ಯ ದರಕ್ಕೆ ಹತ್ತಿರವಾದದ್ದರಿಂದ ಅದನ್ನು ನೆರವೆಂದು ಕರೆಯಬೇಕೇ ಎಂಬ ಚರ್ಚೆಯಿದೆ. ವಲಸಿಗರು ತಾಯ್ನಾಡಿಗೆ ಕಳುಹಿಸುವ ಹಣ ಈಗ ಅಧಿಕೃತ ನೆರವಿನ ಮೊತ್ತವನ್ನು ಬಹಳ ದೂರ ಹಿಂದಿಕ್ಕಿದೆ.

2024ರಲ್ಲಿ ಒಟ್ಟು ನೆರವು ಸುಮಾರು 21,200 ಕೋಟಿ ಡಾಲರಿಗೆ ಇಳಿಯಿತು. 1961ರಲ್ಲಿ ಸ್ಥಾಪನೆಯಾಗಿದ್ದ ಅಮೆರಿಕದ ಅಂತಾರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆ, ಅಂದರೆ ಯುಎಸ್‌ಏಡ್, 2025ರ ಜುಲೈ 1ರಂದು ತನ್ನ ಕಾರ್ಯವನ್ನು ನಿಲ್ಲಿಸಿತು; ಉಳಿದ ಕಾರ್ಯಕ್ರಮಗಳು ವಿದೇಶಾಂಗ ಇಲಾಖೆಯ ಪಾಲಾದವು. ಬ್ರಿಟನ್ ಮತ್ತು ಯುರೋಪಿನ ಇತರ ಕೆಲವು ದೇಶಗಳೂ ಕಡಿತವನ್ನು ಪ್ರಕಟಿಸಿದವು. ಸ್ವಂತ ತೆರಿಗೆಯ ಬುಡ ಗಟ್ಟಿಯಾಗಿರುವ ದೇಶಗಳು ಈ ಇಳಿಕೆಯನ್ನು ತಾಳಿಕೊಳ್ಳಬಲ್ಲವು. ಆದರೆ ಎಚ್‌ಐವಿ ಔಷಧಿ, ಮಲೇರಿಯ ತಡೆ, ಲಸಿಕೆಗಳಂತಹ ಕೆಲಸಗಳನ್ನೂ ದಾನಿಗಳ ಹಣದಿಂದಲೇ ನಡೆಸುತ್ತಿರುವ ಅತಿ ಬಡ ದೇಶಗಳಲ್ಲಿ, ನೆರವು ಅತ್ಯಂತ ಫಲಕಾರಿಯೆಂದು ಸಾಬೀತಾದ ಕ್ಷೇತ್ರಕ್ಕೇ ಮೊದಲ ಪೆಟ್ಟು ಬೀಳುತ್ತಿರುವುದರಿಂದ, ಆರೋಗ್ಯದ ಖರ್ಚನ್ನು ತಮ್ಮದೇ ಆಯವ್ಯಯದೊಳಕ್ಕೆ ತಂದುಕೊಳ್ಳುವುದು ಅವುಗಳ ತಕ್ಷಣದ ಆರ್ಥಿಕ ಸವಾಲಾಗಿದೆ.